ಮಂಜುಗಡ್ಡೆಗೆ ಸತ್ತ ಗ್ರೀನ್: ಬೀಜ ಹಾಕೋದಾ, ಹುಲ್ಲಿನ ಹಾಸು ತರಿಸೋದಾ?

ಪ್ರಶ್ನೆ: ಮಿಷಿಗನ್‌ನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಹೋದ ವರ್ಷ ಸೇರಿದೆ. ಊರು ಮಂಡ್ಯ ಕಡೆ. ಈ ಚಳಿಗಾಲದಲ್ಲಿ ಗ್ರೀನ್‌ಗಳ (ಗುಂಡಿ, ಧ್ವಜ ಇರುವ, ಹುಲ್ಲು ತೀರಾ ಗಿಡ್ಡ ಕತ್ತರಿಸಿದ ಜಾಗ) ಮೇಲೆ ಎರಡು ತಿಂಗಳಿಗಿಂತ ಜಾಸ್ತಿ ಮಂಜುಗಡ್ಡೆ ಕೂತಿತ್ತು. ಈಗ ಕರಗಿದೆ. ಆರು ಗ್ರೀನ್ ಕಂದು ಬಣ್ಣಕ್ಕೆ ತಿರುಗಿವೆ, ಹತ್ತಿರ ಹೋದರೆ ಕೊಳೆತ ವಾಸನೆ. ಮೇ ಮೊದಲ ವಾರ ಆಟ ಶುರುವಾಗಬೇಕಂತೆ. ಅನುಭವ ಇದ್ದವರು ಹೇಳಿ.

ಒಂಟಾರಿಯೊದಿಂದ ಒಬ್ಬರು:

ನಿಮ್ಮ ಕಷ್ಟ ಚೆನ್ನಾಗಿ ಗೊತ್ತು. 2013ರ ಡಿಸೆಂಬರ್ ಕೊನೆಯಲ್ಲಿ ಟೊರಾಂಟೊ ಸುತ್ತಮುತ್ತ ಮಳೆ ಬಿದ್ದ ಹಾಗೇ ಗಡ್ಡೆ ಕಟ್ಟಿತು. 2014ರ ವಸಂತದಲ್ಲಿ ಇಲ್ಲಿಯೂ ನಿಮ್ಮ ಮಿಷಿಗನ್‌ನಲ್ಲೂ ಎಷ್ಟೋ ಮೈದಾನಗಳ ಗ್ರೀನ್ ಸತ್ತವು. ನಾನಿದ್ದ ಕಡೆಯೂ ಅದೇ ಕಥೆ.

ಮೊದಲು ಯಾವುದು ಸತ್ತಿದೆ ಅಂತ ನೋಡಿ. ಎಲೆ ಕಂದಾಗಿದೆ ಅಂದ ಮಾತ್ರಕ್ಕೆ ಹುಲ್ಲು ಸತ್ತಿಲ್ಲ, ಜೀವ ಇರೋದು ಬುಡದಲ್ಲಿ. ಚೆಂಡಿನ ಗುಂಡಿ ತೋಡುವ ಕಪ್ ಕಟ್ಟರ್‌ನಿಂದ ಪ್ರತಿ ಗ್ರೀನ್‌ನಲ್ಲೂ ಎರಡು ಮೂರು ಕಡೆ ಮಣ್ಣು ಸಮೇತ ಬಿಲ್ಲೆ ತೆಗೆಯಿರಿ. ಒಂದು ಗಿಡ ಬಿಡಿಸಿ, ಬುಡವನ್ನು ಉಗುರಿನಿಂದ ಸೀಳಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಬದುಕಿದೆ. ಕಂದಾಗಿ ಮೆತ್ತಗೆ ಹಿಸುಕಿ ಹೋದರೆ ಇಲ್ಲ. ಉಳಿದ ಬಿಲ್ಲೆಗಳನ್ನು ಒಳಗೆ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಿ. ಒಂದೆರಡು ವಾರದಲ್ಲಿ ಹಸಿರು ಬಂತೋ ಇಲ್ಲವೋ ತಿಳಿಯುತ್ತದೆ. ಮುಂದಿನ ವರ್ಷ ಇದನ್ನು ಫೆಬ್ರವರಿಯಲ್ಲೇ ಮಾಡಿ.

ನೀವು ಹೇಳಿದ ವಾಸನೆ ಗಡ್ಡೆಯ ಅಡಿಯಲ್ಲಿ ಉಸಿರುಗಟ್ಟಿ ಸತ್ತ ಹುಲ್ಲಿನದು. ಗ್ರೀನ್‌ಗಳಲ್ಲಿ ತಾನಾಗಿ ಹುಟ್ಟುವ ಪೋವಾ ಹುಲ್ಲು ಗಡ್ಡೆಯ ಕೆಳಗೆ ಎರಡು ತಿಂಗಳು ತಾಳುವುದೇ ಕಷ್ಟ. ಗ್ರೀನ್‌ಗೆಂದು ಬಿತ್ತುವ ಬೆಂಟ್‌ಗ್ರಾಸ್ ಹುಲ್ಲು ಮೂರು ತಿಂಗಳು ದಾಟಿದರೂ ಬದುಕಬಹುದು. ಅದಕ್ಕೇ ಸತ್ತ ಜಾಗದಲ್ಲಿ ಬೆಂಟ್‌ಗ್ರಾಸ್ ಬೀಜವನ್ನೇ ಹಾಕಿ. ಪೋವಾ ಬೀಜ ಮಣ್ಣಿನಲ್ಲಿ ಬೇಕಾದಷ್ಟು ಇರುತ್ತದೆ, ಅದು ಕರೆಯದೆ ಬರುತ್ತದೆ.

ಈ ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಒಂದು ಗ್ರಾಂಗೆ ಹತ್ತು ಸಾವಿರಕ್ಕೂ ಜಾಸ್ತಿ. ಚದರ ಮೀಟರಿಗೆ ಸುಮಾರು 5 ಗ್ರಾಂ ಸಾಕು. ಸುಮ್ನೆ ಮೇಲೆ ಎರಚಿದರೆ ಗಾಳಿಗೆ, ನೀರಿಗೆ ಹೋಗುತ್ತದೆ. ಮೊಳೆ ರೋಲರ್ ಓಡಿಸಿ ಸಣ್ಣ ತೂತು ಮಾಡಿ, ಬೀಜ ಹಾಕಿ, ಮೇಲೆ ತೆಳ್ಳಗೆ ಮರಳು ಎಳೆಯಿರಿ.

ಆದರೆ ಮಣ್ಣು 10 ಡಿಗ್ರಿ ಸೆಲ್ಸಿಯಸ್ ದಾಟದೆ ಬೀಜ ಮಿಸುಕುವುದಿಲ್ಲ. ಥರ್ಮಾಮೀಟರ್ ಚುಚ್ಚಿ ದಿನಾ ನೋಡಿ. ಗಾಳಿ ಆಡುವ ಹೊದಿಕೆ ಹಾಕಿದರೆ ಬಿಸಿ ಬೇಗ ಏರುತ್ತದೆ. ಬಿಸಿಲು ಜೋರಾದ ದಿನ ಮಾತ್ರ ತೆಗೆಯಲೇಬೇಕು, ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಬರುತ್ತದೆ. ಮಂಡ್ಯದವರಿಗೆ ಭತ್ತಕ್ಕೆ ಮೊಳಕೆ ಕಟ್ಟೋದು ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ ನಡೆಯುತ್ತದೆ. ಬೀಜವನ್ನು ಚೀಲದಲ್ಲಿ ಕಟ್ಟಿ ನೆನೆಸಿ, ನೀರು ಬದಲಾಯಿಸುತ್ತಾ ಇರಿ. ಬಿಳಿ ತುದಿ ಕಂಡ ತಕ್ಷಣ ಒಣ ಮರಳಿಗೆ ಬೆರೆಸಿ ಹಾಕಿ. ಕಾಯುವ ಸಮಯದಲ್ಲಿ ಕೆಲವು ದಿನ ಉಳಿತಾಯ ಆಗುತ್ತದೆ. ಆಮೇಲೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನೀರು. ಮೇಲ್ಮೈ ಒಂದು ಮಧ್ಯಾಹ್ನ ಒಣಗಿದರೂ ಮೊಳಕೆ ಹೋಯಿತು.

ನಾವು ಸೋತಿದ್ದು ಇಷ್ಟೆಲ್ಲಾ ಮಾಡಿದ ಮೇಲೆ. ಹಸಿರು ಕಂಡಿತು, ಸದಸ್ಯರ ಒತ್ತಾಯ ಜಾಸ್ತಿಯಾಯಿತು, ಎರಡು ವಾರ ಮುಂಚೆ ಗ್ರೀನ್‌ಗಳನ್ನು ಆಟಕ್ಕೆ ಬಿಟ್ಟೆವು. ಒಂದೇ ಶನಿವಾರಕ್ಕೆ ಧ್ವಜದ ಸುತ್ತ ಬರೀ ಮಣ್ಣು. ಕೂದಲೆಳೆಯಂಥ ಸಸಿಗಳು ಬೂಟಿನಡಿ ಹಾಗೇ ತಿರುಚಿ ಮಲಗಿದ್ದವು. ಮತ್ತೆ ಮೊದಲಿನಿಂದ ಶುರು. ಹಾಗಾಗಿ ಕೈಮುಗಿದು ಕೇಳುತ್ತೇನೆ, ಆ ಆರು ಗ್ರೀನ್ ಮುಚ್ಚಿಸಿ. ಅವುಗಳ ಮುಂದಿರುವ ಹುಲ್ಲನ್ನು ಗಿಡ್ಡಗೆ ಕತ್ತರಿಸಿ ತಾತ್ಕಾಲಿಕ ಗ್ರೀನ್ ಮಾಡಿ ಕೊಡಿ. ಬೈಯುತ್ತಾರೆ, ಬೈಯಲಿ. ಬದುಕಿರುವ ಗ್ರೀನ್ ಜೊತೆಗೆ ಹೊಸ ಸಸಿಯ ಆ ಆರನ್ನೂ 3 ಮಿಲಿಮೀಟರಿಗೆ ಕತ್ತರಿಸಬೇಡಿ. 5–6ರಲ್ಲಿ ಇಡಿ, ಕೈಯಲ್ಲಿ ತಳ್ಳುವ ಮೊವರ್ ಬಳಸಿ, ಬ್ಲೇಡ್ ಹರಿತ ಇರಲಿ. ಮೊಂಡು ಬ್ಲೇಡ್ ಸಸಿಯನ್ನು ಕತ್ತರಿಸಲ್ಲ, ಕಿತ್ತೇ ಹಾಕುತ್ತದೆ.

ಮಿನೆಸೋಟಾದಿಂದ ಇನ್ನೊಬ್ಬರು:

ಅಣ್ಣ ಹೇಳಿದ್ದೆಲ್ಲಾ ಸರಿ. ಹುಲ್ಲಿನ ಹಾಸಿನ (ಬೇರೆ ಕಡೆ ಬೆಳೆಸಿ ಮಣ್ಣು ಸಮೇತ ಎತ್ತಿ ತರುವ ಹುಲ್ಲು) ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೂರ್ತಿ ಸತ್ತ ಗ್ರೀನ್ ಒಂದೆರಡೇ ಇದ್ದರೆ ಹಾಸು ತರಿಸಬಹುದು. ಆದರೆ ಅದು ಮರಳಿನಲ್ಲೇ ಬೆಳೆದದ್ದಾಗಿರಬೇಕು. ಜೇಡಿಮಣ್ಣಿನ ಹಾಸನ್ನು ಮರಳಿನ ಗ್ರೀನ್ ಮೇಲೆ ಹಾಕಿದರೆ ನೀರು ಆ ಪದರದಲ್ಲೇ ನಿಂತುಬಿಡುತ್ತದೆ, ಮುಂದಿನ ಚಳಿಗಾಲ ಮತ್ತೆ ಇದೇ ಗೋಳು. ತಟ್ಟೆಯಗಲದ ಕಲೆಗಳಿಗೆ ರಿಪೇರಿಗೆಂದೇ ಬೆಳೆಸಿಟ್ಟ ನಿಮ್ಮ ನರ್ಸರಿ ಗ್ರೀನ್‌ನಿಂದ ಬಿಲ್ಲೆ ತೆಗೆದು ನಾಟಿ ಮಾಡಿ. ಬಿಲ್ಲೆ ಅಕ್ಕಪಕ್ಕದ ಮಟ್ಟಕ್ಕಿಂತ ಕೂದಲಷ್ಟು ಕೆಳಗೇ ಇರಲಿ, ಮೇಲಿದ್ದರೆ ಮೊವರ್ ಅದರ ತಲೆ ಬೋಳಿಸುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಹೊಸ ಹುಲ್ಲು ಮುಚ್ಚುವ ಮೊದಲು ಸತ್ತ ಜಾಗಗಳ ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಏಳನೇ ಗ್ರೀನ್‌ನಲ್ಲಿ ಸತ್ತ ಹುಲ್ಲು ಹಾವಿನ ಹಾಗೆ ಒಂದೇ ಸಾಲಿನಲ್ಲಿತ್ತು. ಕರಗಿದ ನೀರು ಅಂಚಿಗೆ ಬಂದು, ದಪ್ಪ ಬೆಳೆದ ಹುಲ್ಲಿಗೆ ತಡೆದು ಅಲ್ಲೇ ಮತ್ತೆ ಗಡ್ಡೆ ಕಟ್ಟುತ್ತಿತ್ತು. ನವೆಂಬರ್‌ನಲ್ಲಿ ಆ ಅಂಚಿನ ಹುಲ್ಲನ್ನು ಒಂದು ಸಲಿಕೆಯಗಲ ಎತ್ತಿ ನೀರಿಗೆ ದಾರಿ ಮಾಡುತ್ತೇವೆ, ಏಪ್ರಿಲ್‌ನಲ್ಲಿ ವಾಪಸ್ ಕೂರಿಸುತ್ತೇವೆ.