ಚಿಕ್ಕ ಬಾಡಿಯ ಅಕೌಸ್ಟಿಕ್ ಗಿಟಾರ್: ಹನ್ನೆರಡು ಸಾವಿರದೊಳಗೆ ಯಾವುದನ್ನು ಆರಿಸುವುದು?

ಪ್ರಶ್ನೆ: ಭಾವಲಹರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದ ನಿವಾಸಿ, ಬ್ಯಾಂಕ್ ಉದ್ಯೋಗಿ. ಬಡಾವಣೆಯ ಮಹಿಳೆಯರ ತಂಡವೊಂದರಲ್ಲಿ ಭಾವಗೀತೆ ಹಾಡುತ್ತೇನೆ. ತಂಡದಲ್ಲಿ ಹಾರ್ಮೋನಿಯಂ ಮತ್ತು ತಬಲಾ ಇವೆ. ಅವುಗಳ ಜೊತೆಗೆ ಗಿಟಾರ್ ಕೂಡ ಇರಲೆಂಬ ಆಸೆಯಿಂದ ತಮ್ಮನ ಹಳೆಯ ಗಿಟಾರನ್ನು ತೆಗೆದುಕೊಂಡು ಕಲಿಯತೊಡಗಿದ್ದೇನೆ. ಸಿ, ಜಿ, ಡಿ, ಎ ಮೈನರ್, ಇ ಮೈನರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಕೈಗೆ ಹತ್ತಿವೆ.

ತೊಂದರೆ ಇರುವುದು ವಾದ್ಯದ ಗಾತ್ರದಲ್ಲಿ. ಅದು ಡ್ರೆಡ್‌ನಾಟ್ ಎಂದು ಕರೆಯುವ ದೊಡ್ಡ ಮಾದರಿಯದು, ನನ್ನ ಎತ್ತರವೋ ಐದು ಅಡಿಗಿಂತ ತುಸುವೇ ಹೆಚ್ಚು. ಬಲಗೈಯನ್ನು ಅದರ ಮೇಲಿನಿಂದ ಹಾಯಿಸಿ ತಂತಿಗೆ ಮುಟ್ಟಿಸಬೇಕೆಂದರೆ ಭುಜವನ್ನು ಎತ್ತಿ ಹಿಡಿಯಲೇಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಹೆಗಲು ನೋಯಲು ಆರಂಭಿಸುತ್ತದೆ. ಊರಿನ ಅಂಗಡಿಗಳಲ್ಲಿ ವಿಚಾರಿಸಿದರೆ "38 ಇಂಚಿಂದು ತಗೊಳ್ರಿ ಮೇಡಂ, ಲೇಡೀಸ್‌ಗೆ ಅದೇ ಸರಿ" ಎನ್ನುತ್ತಾರೆ. ಅದನ್ನು ನುಡಿಸಿ ನೋಡಿದಾಗ ನಾದ ಡಬ್ಬಿಯೊಳಗಿಂದ ಬಂದಂತಿತ್ತು, ತಂತಿ ಒತ್ತುವುದೂ ಕಷ್ಟವಾಗಿತ್ತು.

ಬ್ಯಾಗು, ಹೆಚ್ಚುವರಿ ತಂತಿ ಎಲ್ಲ ಸೇರಿ ಹತ್ತರಿಂದ ಹನ್ನೆರಡು ಸಾವಿರ ರೂಪಾಯಿ ಖರ್ಚು ಮಾಡಬಲ್ಲೆ. ಚಿಕ್ಕ ಬಾಡಿ ಎಂದರೆ 38 ಇಂಚಿನ ಗಿಟಾರೇ, ಅಥವಾ ಅದು ಬೇರೆಯೇ? ಸಾಲಿಡ್ ಟಾಪ್ (ಪದರ ಅಂಟಿಸದ, ಇಡೀ ಮರದ ಮುಂದಿನ ಹಲಗೆ) ಇಲ್ಲದ ಗಿಟಾರನ್ನು ಕೊಳ್ಳಲೇಬಾರದು ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಆರುತಂತಿ, ದಾವಣಗೆರೆ

ಮೇಡಂ, ನಾನು ಮಕ್ಕಳಿಗೂ ದೊಡ್ಡವರಿಗೂ ಗಿಟಾರ್ ಪಾಠ ಹೇಳುತ್ತೇನೆ. ಇಂಚಿನ ಲೆಕ್ಕ ಎಷ್ಟೋ ಜನರನ್ನು ದಾರಿ ತಪ್ಪಿಸಿದೆಯಾದ್ದರಿಂದ ಮೊದಲು ಅದನ್ನೇ ಬಿಡಿಸಿಕೊಳ್ಳೋಣ.

ನಮ್ಮ ಅಂಗಡಿಗಳಲ್ಲಿ 38, 39, 40, 41 ಎಂದು ಹೇಳುವುದು ತಲೆಯ ತುದಿಯಿಂದ ಬುಡದವರೆಗಿನ ಒಟ್ಟು ಉದ್ದ. ಈ ಅಂಕಿ ನಿಮ್ಮ ಹೆಗಲಿಗೆ ಏನನ್ನೂ ಹೇಳುವುದಿಲ್ಲ. ಹೆಗಲಿಗೆ ಸಂಬಂಧಿಸಿದ್ದು ಎರಡು ಅಳತೆಗಳು: ಬಾಡಿಯ ಕೆಳಭಾಗದ ಅಗಲ ಮತ್ತು ಅದರ ಆಳ, ಅಂದರೆ ಮುಂದಿನ ಹಲಗೆಯಿಂದ ಹಿಂದಿನ ಹಲಗೆಯವರೆಗಿನ ದಪ್ಪ. ಅಮೆರಿಕದ ಮಾರ್ಟಿನ್ ಕಂಪನಿಯ ಅಳತೆಗಳನ್ನೇ ಉಳಿದವರೂ ಹೆಚ್ಚು ಕಡಿಮೆ ಅನುಸರಿಸುವುದರಿಂದ ಅವನ್ನೇ ತೆಗೆದುಕೊಳ್ಳುತ್ತೇನೆ. ಅವರ ಡ್ರೆಡ್‌ನಾಟ್ ಕೆಳಭಾಗದಲ್ಲಿ ಸುಮಾರು 397 ಮಿಲಿಮೀಟರ್ ಅಗಲ, ಸುಮಾರು 124 ಮಿಲಿಮೀಟರ್ ಆಳ ಇರುತ್ತದೆ. ಟ್ರಿಪಲ್ ಓ ಎಂಬ ಮಾದರಿಯ ಅಗಲ ಸುಮಾರು 381, ಆಳ ಸುಮಾರು 105. ಅಗಲದಲ್ಲಿ ಕಡಿಮೆಯಾದದ್ದು ಒಂದೂವರೆ ಸೆಂಟಿಮೀಟರ್ ಮಾತ್ರ. ಆದರೆ ಆಳದಲ್ಲಿ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಇಳಿದಿದೆ, ನಡುವೂ ಕಿರಿದಾಗಿದೆ. ತೊಡೆಯ ಮೇಲೆ ಇಟ್ಟುಕೊಂಡಾಗ ಆರಾಮ ಎನಿಸುವುದು ಮುಖ್ಯವಾಗಿ ಆಳ ಮತ್ತು ನಡುವಿನ ಈ ವ್ಯತ್ಯಾಸದಿಂದ. ಇನ್ನೂ ಚಿಕ್ಕದು ಬೇಕೆಂದರೆ ಡಬಲ್ ಓ, ಪಾರ್ಲರ್ ಎಂಬ ಮಾದರಿಗಳಿವೆ. ಕಂಪನಿಗಳು ಇಂಥ ಚಿಕ್ಕ ಗಾತ್ರಗಳಲ್ಲಿ ಕೆಲವನ್ನು ಕಾನ್ಸರ್ಟ್, ಗ್ರ್ಯಾಂಡ್ ಕಾನ್ಸರ್ಟ್ ಎಂದೂ ಕರೆಯುತ್ತವೆ. ಹೆಸರು ಏನೇ ಇರಲಿ, ಟೇಪು ಹಿಡಿದು ಅಳೆಯಿರಿ.

ಅಂದ ಹಾಗೆ, ನಾವೆಲ್ಲ 'ಸಾಮಾನ್ಯ ಗಿಟಾರ್' ಎಂದುಕೊಂಡಿರುವ ಡ್ರೆಡ್‌ನಾಟ್ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಬ್ರಿಟಿಷರ ಯುದ್ಧನೌಕೆಯೊಂದರ ಹೆಸರಿಟ್ಟರು. ಅದಕ್ಕಿಂತ ಮೊದಲು ಹೆಚ್ಚಿನ ಗಿಟಾರ್‌ಗಳೆಲ್ಲ ಚಿಕ್ಕವೇ. ಆದ್ದರಿಂದ ಚಿಕ್ಕ ಬಾಡಿ 'ಲೇಡೀಸ್ ಗಿಟಾರ್' ಎಂಬ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎರಡನೆಯದು ಸ್ಕೇಲ್, ಅಂದರೆ ನೆಕ್‌ನ (ಗಿಟಾರಿನ ಕತ್ತಿನ) ತುದಿಯಲ್ಲಿ ತಂತಿ ಹಾಯುವ ಪಟ್ಟಿಯಾದ ನಟ್‌ನಿಂದ, ಬಾಡಿಯ ಮೇಲೆ ತಂತಿ ಸಿಕ್ಕಿಸುವ ಬ್ರಿಡ್ಜ್‌ವರೆಗೆ ತಂತಿ ನುಡಿಯುವ ಉದ್ದ. ಯಮಹಾದ ಎಫ್‌ಜಿ 800 ಎಂಬ ದೊಡ್ಡ ಗಿಟಾರಿನಲ್ಲಿ ಇದು 650 ಮಿಲಿಮೀಟರ್, ಅದೇ ಸಾಲಿನ ಚಿಕ್ಕ ಬಾಡಿಯ ಎಫ್‌ಎಸ್ 800ರಲ್ಲಿ 634. ತಂತಿಯ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ತಂತಿಯನ್ನು ಅದೇ ಶ್ರುತಿಗೆ ಕಟ್ಟಿದರೂ ಸುಮಾರು ಶೇಕಡ 5ರಷ್ಟು ಬಿಗಿತ ಕಡಿಮೆಯಾಗುತ್ತದೆ, ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳೂ ಕೊಂಚ ಹತ್ತಿರವಾಗುತ್ತವೆ. ಎಫ್‌ನಂಥ ಕಷ್ಟದ ಕಾರ್ಡ್ ಹಿಡಿಯುವಾಗ ಇದರ ಬೆಲೆ ತಿಳಿಯುತ್ತದೆ. ಹಾಗೆಂದು ಯಮಹಾ ಜೆಆರ್ 1ರಂಥ 540 ಮಿಲಿಮೀಟರ್ ಸ್ಕೇಲಿನ ಮಕ್ಕಳ ಗಾತ್ರಕ್ಕೆ ಇಳಿಯಬೇಡಿ. ಅದು ಪ್ರಯಾಣಕ್ಕೂ ಮಕ್ಕಳಿಗೂ ಒಳ್ಳೆಯದೇ. ಆದರೆ ಹಾಡಿನ ಜೊತೆಗೆ ಬೇಕಾದ ತುಂಬು ನಾದ ಅದರಿಂದ ಬರುವುದಿಲ್ಲ.

ನಿಮ್ಮ ಅಂದಾಜಿನಲ್ಲಿ ನಾನು ಮೊದಲು ನೋಡುವುದು ಯಮಹಾ ಎಫ್‌ಎಸ್ 80ಸಿ, ಎಫ್‌ಎಸ್ 100ಸಿ ಮತ್ತು ಕೋರ್ಟ್ ಎಎಫ್ 510. ಮೂರೂ ಕಾನ್ಸರ್ಟ್ ಗಾತ್ರದವು, ಮೂರರ ಟಾಪ್ ಕೂಡ ಪದರ ಅಂಟಿಸಿದ ಹಲಗೆ. ಮೇಲೆ ಹೇಳಿದ ಎಫ್‌ಎಸ್ 800 ಮತ್ತು ಫೆಂಡರ್ ಸಿಸಿ 60ಎಸ್‌ಗಳಿಗೆ ಸ್ಪ್ರೂಸ್ ಮರದ ಸಾಲಿಡ್ ಟಾಪ್ ಇದೆ. ಆದರೆ ಹೊಸದಾಗಿ ಕೊಂಡರೆ ಅವು ಸಾಮಾನ್ಯವಾಗಿ ಹನ್ನೆರಡು ಸಾವಿರದ ಗೆರೆ ದಾಟುತ್ತವೆ.

ಉತ್ತರ: ದುರ್ಗದ ಮರಗೆಲಸ, ಚಿತ್ರದುರ್ಗ

ಆರುತಂತಿ ಅವರು ಗಾತ್ರದ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ಸಾಲಿಡ್ ಟಾಪ್ ಕುರಿತು ನಾನು ಬರೆಯುತ್ತೇನೆ, ಏಕೆಂದರೆ ನನ್ನ ಕಸುಬು ಬಾಗಿಲು, ಕಿಟಕಿ, ಪೀಠೋಪಕರಣಗಳದ್ದಾದರೂ ಗೆಳೆಯರ ಗಿಟಾರ್‌ಗಳು ರಿಪೇರಿಗೆಂದು ನನ್ನ ಬಳಿಗೇ ಬರುತ್ತವೆ.

ಸಾಲಿಡ್ ಟಾಪ್ ಎಂದರೆ ಇಡೀ ಮರದಿಂದ ಸೀಳಿದ ಹಲಗೆ. ಅದು ಮುಕ್ತವಾಗಿ ಕಂಪಿಸುತ್ತದೆ, ನಾದಕ್ಕೆ ಒಳ್ಳೆಯದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತೆಳು ಹಲಗೆ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಅದಕ್ಕೆ ಹಿತವಾದ ಆರ್ದ್ರತೆ ಶೇಕಡ 45ರಿಂದ 55. ಫೆಬ್ರವರಿಯಿಂದ ಮೇ ತಿಂಗಳ ಮಳೆ ಬೀಳುವವರೆಗೆ ದುರ್ಗ, ಚಳ್ಳಕೆರೆ, ಜಗಳೂರು, ದಾವಣಗೆರೆ ಕಡೆಯ ಮಧ್ಯಾಹ್ನದ ಗಾಳಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಣಗಿದ ಮರ ಅಡ್ಡಗಲಕ್ಕೆ ಕುಗ್ಗುತ್ತದೆ, ಒಳಗಿನ ಪಟ್ಟಿಗಳು ಅದನ್ನು ಹಿಡಿದಿಟ್ಟಿರುತ್ತವೆ. ಆಗ ಟಾಪ್ ಎಳೆಯ ಉದ್ದಕ್ಕೆ ಬಿರುಕು ಬಿಡುತ್ತದೆ. ಪದರ ಅಂಟಿಸಿದ ಹಲಗೆಯಲ್ಲಿ ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡವಾಗಿರುವುದರಿಂದ ಅದು ಅಷ್ಟು ಸುಲಭವಾಗಿ ಸೀಳುವುದಿಲ್ಲ. ವಾದ್ಯವನ್ನು ವರ್ಷವಿಡೀ ಕಾಪಾಡುವ ವ್ಯವಧಾನ ನಿಮಗಿದ್ದರೆ ಸಾಲಿಡ್ ಕೊಳ್ಳಿ. ಕಾರ್ಯಕ್ರಮಕ್ಕೆಂದು ಒಯ್ದು, ಬಂದ ಮೇಲೆ ಗೋಡೆಗೆ ಒರಗಿಸಿಡುವವರಾದರೆ ಈ ಬೆಲೆಯಲ್ಲಿ ಪದರದ ಹಲಗೆಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪದರದ ಹಲಗೆಯಾದರೂ ಬೇಸಿಗೆಯಲ್ಲಿ ಒಂದು ತೊಂದರೆ ತಪ್ಪುವುದಿಲ್ಲ. ಬೆರಳು ಹಲಗೆ ಇಡೀ ಮರದ್ದೇ ಆಗಿರುತ್ತದೆ. ಅದು ಒಣಗಿ ಕುಗ್ಗಿದಾಗ ಲೋಹದ ಫ್ರೆಟ್‌ಗಳು ಕುಗ್ಗದೆ ಅವುಗಳ ತುದಿ ಅಂಚಿನಿಂದ ಹೊರಗೆ ಚಾಚುತ್ತದೆ. ಎಡಗೈಯನ್ನು ನೆಕ್‌ನ ಉದ್ದಕ್ಕೂ ಜಾರಿಸಿದರೆ ಗರಗಸದ ಹಲ್ಲಿನಂತೆ ಕೆರೆಯುತ್ತದೆ. ಅಂಗಡಿಯಲ್ಲಿ ಹೀಗೆ ಕೈ ಜಾರಿಸಿ ನೋಡುವುದನ್ನು ಮರೆಯಬೇಡಿ. ಮನೆಯಲ್ಲಿ ಬ್ಯಾಗಿನೊಳಗೇ ಇಡಿ. ತೂತು ಕೊರೆದ ಸೋಪಿನ ಡಬ್ಬಿಯೊಳಗೆ ಹಿಂಡಿದ ಸ್ಪಂಜಿನ ತುಂಡು ಹಾಕಿ ಅದನ್ನೂ ಬ್ಯಾಗಿನಲ್ಲಿಟ್ಟರೆ ಬೇಸಿಗೆ ಕಳೆಯುತ್ತದೆ. ನೀರು ತೊಟ್ಟಿಕ್ಕುವಂತಿರಬಾರದು ಅಷ್ಟೆ.

ಇನ್ನು 38 ಇಂಚಿನ ಗಿಟಾರಿನಲ್ಲಿ ತಂತಿ ಒತ್ತಲು ಕಷ್ಟವಾಯಿತೆಂದಿರಿ. ಅದು ಬಹುಶಃ ಗಾತ್ರದ ದೋಷವಲ್ಲ, ತಂತಿಯ ಎತ್ತರದ ದೋಷ. ಶಾಲೆಯ ಸ್ಕೇಲನ್ನು ಹನ್ನೆರಡನೆಯ ಫ್ರೆಟ್ ಮೇಲೆ ನಿಲ್ಲಿಸಿ ಫ್ರೆಟ್‌ನಿಂದ ತಂತಿಯ ಕೆಳಗಂಚಿನವರೆಗೆ ಅಳೆಯಿರಿ: ದಪ್ಪ ತಂತಿಗೆ ಎರಡೂವರೆ, ತೆಳು ತಂತಿಗೆ ಎರಡು ಮಿಲಿಮೀಟರ್ ಇದ್ದರೆ ಕೈಗೆ ಹಿತ. ಅಗ್ಗದ ಗಿಟಾರ್‌ಗಳಲ್ಲಿ ಇದು ಹೆಚ್ಚಾಗಿಯೇ ಇರುತ್ತದೆ. ಮೊದಲು ನೆಕ್ ನೋಡಬೇಕು. ದಪ್ಪ ತಂತಿಯನ್ನು ಒಂದನೆಯ ಮತ್ತು ಹದಿನಾಲ್ಕನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿದಾಗ ಏಳನೆಯ ಫ್ರೆಟ್ ಮೇಲೆ ತೆಳು ರಟ್ಟಿನ ಒಂದು ಚೂರು ತೂರುವಷ್ಟೇ ಸಂದು ಇರಬೇಕು. ಹೆಚ್ಚಿದ್ದರೆ ನೆಕ್ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಅಲೆನ್ ಕೀಯಿಂದ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಾಗದಂತೆ ತಿರುಗಿಸಿ ಸರಿಪಡಿಸಬೇಕು. ನೆಕ್ ನೆಟ್ಟಗಿದ್ದೂ ತಂತಿ ಎತ್ತರವಾಗಿದ್ದರೆ ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಹೊರತೆಗೆದು ಅದರ ತಳವನ್ನು ಉಜ್ಜಬೇಕು. ಹನ್ನೆರಡನೆಯ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕೆಂದರೆ ಸ್ಯಾಡಲ್‌ನಿಂದ ಒಂದು ಮಿಲಿಮೀಟರ್ ತೆಗೆಯಬೇಕಾಗುತ್ತದೆ. ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ಪಾಲಿಶ್ ಕಾಗದ ಹರಡಿ, ಸ್ಯಾಡಲನ್ನು ನೇರವಾಗಿ ಹಿಡಿದು ನಿಧಾನವಾಗಿ ಉಜ್ಜುವ ಕೆಲಸ ಇದು. ತಳ ವಾಲಿದರೆ ನಾದ ಸಾಯುತ್ತದೆ. ಮೇಲ್ಭಾಗವನ್ನು ಮುಟ್ಟಬೇಡಿ, ಶ್ರುತಿಗೆ ಬೇಕಾದ ಓರೆ ಅಲ್ಲಿ ಕೊರೆದಿರುತ್ತದೆ.

ಸಾವಿರ ರೂಪಾಯಿ ಇದಕ್ಕೆಂದೇ ಎತ್ತಿಡಿ, ಗೊತ್ತಿದ್ದವರಿಂದ ಮಾಡಿಸಿ. ಹತ್ತು ಸಾವಿರದ ಗಿಟಾರ್ ಹೀಗೆ ಹದಗೊಂಡರೆ, ಹದ ಮಾಡದ ಇಪ್ಪತ್ತು ಸಾವಿರದ್ದಕ್ಕಿಂತ ಕೈಗೆ ಹಗುರವಾಗಿ ಒದಗುತ್ತದೆ.

ಉತ್ತರ: ಹರಿಹರದ ಹವ್ಯಾಸಿ

ದುರ್ಗದವರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ ಇದೆ. ಬ್ಯಾಂಕಿನಲ್ಲಿ ಲೆಕ್ಕ ತಪ್ಪದಂತೆ ನೋಡಿಕೊಳ್ಳುವವರು ಒಂದು ಸೋಪಿನ ಡಬ್ಬಿಯನ್ನು ನೋಡಿಕೊಳ್ಳಲಾರರೇ? ಸಾಲಿಡ್ ಟಾಪ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಹುಡುಕಿ. ದಾವಣಗೆರೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿವೆ. ಕೋರ್ಸ್ ಮುಗಿಸಿ ಊರು ಬಿಡುವ ವಿದ್ಯಾರ್ಥಿಗಳು ಒಳ್ಳೊಳ್ಳೆಯ ಗಿಟಾರ್‌ಗಳನ್ನು ಅಗ್ಗಕ್ಕೆ ಮಾರಿ ಹೋಗುತ್ತಾರೆ. ಕೊಳ್ಳುವಾಗ ಬ್ರಿಡ್ಜ್‌ನ ಹಿಂದಿನ ಅಂಚಿಗೆ ಕಾಗದದ ಚೂರನ್ನು ತೂರಿಸಿ ನೋಡಿ. ಒಳಗೆ ಹೋದರೆ ಬ್ರಿಡ್ಜ್ ಎದ್ದಿದೆ ಎಂದರ್ಥ, ಅಂಥದ್ದನ್ನು ಬಿಟ್ಟುಬಿಡಿ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯನ್ನು ಮೆಲ್ಲಗೆ ಮುಟ್ಟಿ ನುಡಿಸಿದ ಸ್ವರವೂ ಅಲ್ಲೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ, ವಾಪಸಾತಿಯ ಗಡುವು ಮುಗಿಯುವುದರೊಳಗೆ ಈ ಪರೀಕ್ಷೆಗಳನ್ನೆಲ್ಲ ಮುಗಿಸಿಬಿಡಿ.

ಭಾವಲಹರಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಕಾನ್ಸರ್ಟ್ ಗಾತ್ರದ, ಪದರದ ಹಲಗೆಯ ಹೊಸ ಗಿಟಾರ್ ಕೊಳ್ಳುವುದೆಂದು ಮನಸ್ಸು ಮಾಡಿದ್ದೇನೆ. ಇನ್ನೊಂದೇ ಸಂದೇಹ. ನಮ್ಮ ತಂಡದ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಚಿಕ್ಕ ಬಾಡಿಯ ಗಿಟಾರ್ ಹಾರ್ಮೋನಿಯಂ, ತಬಲಾಗಳ ನಡುವೆ ಕೇಳಿಸುತ್ತದೆಯೇ? ಆ ಶ್ರುತಿಯಲ್ಲಿ ನನಗೆ ಗೊತ್ತಿರುವ ಕಾರ್ಡ್‌ಗಳನ್ನೇ ನುಡಿಸಬಹುದೇ?

ಉತ್ತರ: ಪೇಟಿ ನುಡಿಸುವವ, ಚಿತ್ರದುರ್ಗ

ಅಕ್ಕಾ, ಸುಗಮ ಸಂಗೀತದಲ್ಲಿ ಗಿಟಾರಿನ ಪಕ್ಕ ಕುಳಿತು ಪೇಟಿ (ಹಾರ್ಮೋನಿಯಂ) ನುಡಿಸುವವನಾಗಿ ಹೇಳುತ್ತೇನೆ: ಚಿಕ್ಕ ಬಾಡಿಯೇ ನಮಗೆ ಹೊಂದುತ್ತದೆ. ಡ್ರೆಡ್‌ನಾಟ್‌ನ ಮಂದ್ರದ ಗುಂಯ್ಗುಡುವಿಕೆ ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಡಗ್ಗಾದ ನಾದವಿರುವ ಜಾಗಕ್ಕೇ ಬಂದು ಕೂರುತ್ತದೆ, ಎರಡೂ ಕಲಸಿಹೋಗುತ್ತವೆ. ಚಿಕ್ಕ ಬಾಡಿಯಲ್ಲಿ ಮಂದ್ರ ಕಡಿಮೆ, ನಡುವಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಒಟ್ಟು ಸದ್ದು ಸ್ವಲ್ಪ ಕಡಿಮೆಯೆಂಬುದು ನಿಜ. ಮನೆಯ ಹಜಾರದಲ್ಲಿ ಅದು ಸಾಕು, ವೇದಿಕೆಯ ಮೇಲಾದರೆ ಹೇಗೂ ಮೈಕ್ ಇಡುತ್ತಾರೆ. ಮೈಕನ್ನು ಗಿಟಾರಿನ ರಂಧ್ರದ ನೇರಕ್ಕೆ ಇಡಲು ಬಿಡಬೇಡಿ, ನೆಕ್ ಬಾಡಿಯನ್ನು ಸೇರುವ ಕಡೆಗೆ ತಿರುಗಿಸಲು ಹೇಳಿ.

ಕಪ್ಪು ನಾಲ್ಕು ಎಂದರೆ ಜಿ ಶಾರ್ಪ್. ಕ್ಯಾಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಒಂದನ್ನು ಕೊಂಡು ಮೊದಲ ಫ್ರೆಟ್‌ಗೆ ಹಾಕಿ, ಜಿ ಕಾರ್ಡಿನ ಆಕಾರವನ್ನೇ ಹಿಡಿದರೆ ಕಪ್ಪು ನಾಲ್ಕು ಬಂತು. ಅದರ ಜೊತೆಗೆ ನಿಮಗೆ ಗೊತ್ತಿರುವ ಸಿ, ಡಿ, ಇ ಮೈನರ್, ಎ ಮೈನರ್ ಎಲ್ಲವೂ ಹಾಗೆಯೇ ಒದಗುತ್ತವೆ. ಯಾರಾದರೂ ಕಪ್ಪು ಒಂದರಲ್ಲಿ ಹಾಡಿದರೆ ಕ್ಯಾಪೋ ಅಲ್ಲೇ ಇರಲಿ, ಸಿ ಆಕಾರದಿಂದ ಆರಂಭಿಸಿ. ಕಪ್ಪು ಐದಾದರೆ ಎ ಆಕಾರ, ಅಥವಾ ಕ್ಯಾಪೋವನ್ನು ಮೂರನೆಯ ಫ್ರೆಟ್‌ಗೆ ಒಯ್ದು ಮತ್ತೆ ಜಿ. ಕ್ಯಾಪೋವನ್ನು ಫ್ರೆಟ್‌ನ ಲೋಹದ ಪಟ್ಟಿಗೆ ತಾಗುವಷ್ಟು ಹತ್ತಿರ, ಆದರೆ ಅದರ ಹಿಂದೆ ಹಾಕಬೇಕು. ದೂರವಾದರೆ ತಂತಿ ಗರಗರ ಎನ್ನುತ್ತದೆ.

ಮೊಬೈಲಿನ ಟ್ಯೂನರ್ ನಂಬಿ ಶ್ರುತಿ ಮಾಡಿಕೊಂಡು ಬರಬೇಡಿ. ಅದು ಮೇಲಿನ ಎ ಸ್ವರವನ್ನು 440 ಕಂಪನಗಳೆಂದು ಹಿಡಿದಿರುತ್ತದೆ, ಹಳೆಯ ಪೇಟಿಗಳು ಅದಕ್ಕಿಂತ ತುಸು ಮೇಲೋ ಕೆಳಗೋ ಇರುವುದು ಸಾಮಾನ್ಯ. ಪೇಟಿಯ ಸ್ವರವನ್ನು ಗಾಳಿ ತಪ್ಪದಂತೆ ಹಿಡಿಸಿ ಟ್ಯೂನರ್‌ಗೆ ಕೇಳಿಸಿ, ಎಷ್ಟು ವ್ಯತ್ಯಾಸವಿದೆಯೋ ಅಷ್ಟಕ್ಕೆ ಅದರ ಅಳತೆಯನ್ನು ಬದಲಿಸಿ, ಆಮೇಲೆ ತಂತಿಗಳನ್ನು ಬಿಗಿ ಮಾಡಿ. ಕ್ಯಾಪೋ ಹಾಕಿದ ನಂತರ ಇನ್ನೊಮ್ಮೆ ನೋಡಿಕೊಳ್ಳಿ, ಏಕೆಂದರೆ ಅದರ ಒತ್ತಡಕ್ಕೆ ಮೂರನೆಯ ತಂತಿ ಆಗಾಗ ಮೇಲೇರುತ್ತದೆ. ತಂತಿಯ ವಿಷಯಕ್ಕೆ ಬಂದರೆ, 12–53ರ ಸೆಟ್‌ಗಿಂತ (ಈ ಅಂಕಿಗಳು ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) 11–52ರದ್ದು ಹೊಸ ಬೆರಳುಗಳಿಗೆ ಹಿತ. 10–47 ಇನ್ನೂ ಮೆತ್ತಗಿದ್ದರೂ ಡಗ್ಗಾದ ಎದುರು ಅದರ ನಾದ ತೆಳುವಾಗುತ್ತದೆ.