ಎಚ್‌ಒ ಲೇಔಟ್‌ಗೆ ಯಾವ ಡಿಸಿಸಿ ಕೊಳ್ಳಲಿ? ಈಗಿನ ಪೆಟ್ಟಿಗೆ ಲೂಪ್‌ನಲ್ಲಿ ಕೈಕೊಡುತ್ತಿದೆ

ಘಾಟ್‌ಬ್ಯಾಂಕರ್:
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎಲ್ ಆಕಾರದ ಎಚ್‌ಒ (1:87 ಅಳತೆಯ) ಮಾದರಿ ರೈಲು ಲೇಔಟ್ ಕಟ್ಟುತ್ತಿದ್ದೇನೆ. ಉದ್ದದ ತೋಳು 12 ಅಡಿ, ತುದಿಯಲ್ಲಿ 4 ಅಡಿ ಅಗಲದ ಲೂಪ್. ತಲೆಯಲ್ಲಿರುವುದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ. ಅಲ್ಲಿನ 57 ಸುರಂಗಗಳಿಗೆ ನಮ್ಮ ಕೋಣೆಯಲ್ಲಿ ಜಾಗವೆಲ್ಲಿ, ಮೂರಕ್ಕೆ ತೃಪ್ತಿಪಟ್ಟಿದ್ದೇನೆ. 1:50ರ ಏರನ್ನು ಮಾತ್ರ ಬಿಟ್ಟಿಲ್ಲ. ಮುಂದೆ ಎರಡು ಎಂಜಿನ್, ಹಿಂದಿನಿಂದ ತಳ್ಳಲು ಎರಡು ಬ್ಯಾಂಕರ್ ಎಂಜಿನ್ ಕಟ್ಟಿ ಸರಕು ಗಾಡಿಯನ್ನು ಮೇಲೆ ಹತ್ತಿಸಬೇಕೆಂಬ ಆಸೆ.

ಈಗಿರುವುದು ಸ್ಟಾರ್ಟರ್ ಸೆಟ್‌ನೊಂದಿಗೆ ಬಂದ 1 ಆಂಪಿಯರ್‌ನ ಡಿಸಿಸಿ ಪೆಟ್ಟಿಗೆ (ಹಳಿಯ ಮೂಲಕವೇ ಒಂದೊಂದು ಎಂಜಿನ್‌ಗೂ ಬೇರೆ ಬೇರೆ ಆದೇಶ ಕಳಿಸುವ ಡಿಜಿಟಲ್ ನಿಯಂತ್ರಣ). ದೂರದ ತುದಿಗೆ ಹೋದಂತೆ ಎಂಜಿನ್ ಸೊರಗುತ್ತದೆ, ಧ್ವನಿ ಕಡಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಲೂಪ್ ಸುತ್ತಿ ಮೇನ್ ಲೈನ್ ಸೇರುವಲ್ಲಿ ಎಲ್ಲವೂ ಒಮ್ಮೆಗೇ ಬಂದ್ ಆಗುತ್ತದೆ. ಅಲ್ಲಿ ಎರಡು ಹಳಿಗೂ ವಿದ್ಯುತ್ ದಾಟದಂತೆ ಪ್ಲಾಸ್ಟಿಕ್ ಜಾಯ್ನರ್ (ಹಳಿ ಜೋಡಿಸುವ ತುಂಡು) ಹಾಕಿದ್ದೇನೆ. ಅದಿಲ್ಲದಿದ್ದರೆ ಪೆಟ್ಟಿಗೆ ಆನ್ ಆಗುವುದೇ ಇಲ್ಲ. ಇದರ ಮೇಲೆ, ಹೊಸದಾಗಿ ತಂದ ಎರಡು ಎಂಜಿನ್‌ಗಳಲ್ಲಿ ಒಂದನ್ನು ಕರೆದರೆ ಎರಡೂ ಹೊರಡುತ್ತವೆ!

ಹಳಿಗೆ ಹೆಚ್ಚು ವಿದ್ಯುತ್ ಒದಗಿಸುವ 5 ಆಂಪಿಯರ್‌ನ ಹಳೆಯ ಬೂಸ್ಟರ್ ಒಂದು ಅಗ್ಗಕ್ಕೆ ಸಿಗುತ್ತಿದೆ. ಅದನ್ನು ಕೊಂಡರೆ ಸಾಕೇ, ಇಡೀ ವ್ಯವಸ್ಥೆಯನ್ನೇ ಬದಲಿಸಬೇಕೇ? ಓಡಿಸುವವರು ನಾನು ಮತ್ತು ಹತ್ತು ವರ್ಷದ ಮಗಳು.

ಹಳೇಗೇಜ್:
ಬೂಸ್ಟರ್‌ಗೆ ಮುಂಗಡ ಕೊಟ್ಟಿಲ್ಲವೆಂದುಕೊಳ್ಳುತ್ತೇನೆ. ಕೊಡಬೇಡಿ.

ಸುಲಭದ್ದು ಮೊದಲು. ಎಂಜಿನ್‌ನೊಳಗೆ ಕುಳಿತು ಆದೇಶ ಓದುವ ಡಿಕೋಡರ್‌ಗಳಿಗೆಲ್ಲ ಕಾರ್ಖಾನೆಯಿಂದ ಬರುವಾಗ ವಿಳಾಸ 3. ಎರಡಕ್ಕೂ ಅದೇ ವಿಳಾಸವಿದ್ದರೆ ಎರಡೂ ಓಗೊಡುತ್ತವೆ, ಅವುಗಳ ತಪ್ಪೇನಿಲ್ಲ. ಒಂದನ್ನೇ ಹಳಿಯ ಮೇಲಿಟ್ಟು ಅದರ ವಿಳಾಸ ಬದಲಿಸಿ. ಎಂಜಿನ್ ಸಂಖ್ಯೆಯನ್ನೇ ವಿಳಾಸವಾಗಿ ಕೊಡುವ ಮನಸ್ಸಿದ್ದರೆ ಒಂದು ತೊಡಕಿದೆ: ನಮ್ಮ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳ ಸಂಖ್ಯೆಗಳು 12001ರಿಂದ ಶುರುವಾಗುತ್ತವೆ, ಡಿಸಿಸಿಯ ಉದ್ದ ವಿಳಾಸ 10239ಕ್ಕೇ ಮುಗಿಯುತ್ತದೆ. ಕೊನೆಯ ನಾಲ್ಕು ಅಂಕಿ ಬಳಸಿ.

ಉಳಿದದ್ದಕ್ಕೆ ಎರಡು ವಿವರ ಬೇಕು. ಹಳಿಗೆ ಎಷ್ಟು ಕಡೆ ತಂತಿ ಕೊಟ್ಟಿದ್ದೀರಿ, ಎಂಥ ತಂತಿ? ಎರಡೂ ಎಂಜಿನ್ ಓಡುತ್ತಿರುವಾಗ ಪೆಟ್ಟಿಗೆಯ ಬಳಿ ಮತ್ತು ದೂರದ ತುದಿಯಲ್ಲಿ ವೋಲ್ಟೇಜ್ ಎಷ್ಟಿದೆ? ಮಲ್ಟಿಮೀಟರ್ ಅನ್ನು ಎಸಿಯಲ್ಲಿಡಿ. ಡಿಸಿಸಿಯಲ್ಲಿ '1' ಎಂಬ ಬಿಟ್‌ನ ಒಂದೊಂದು ಅರ್ಧವೂ 58 ಮೈಕ್ರೊಸೆಕೆಂಡ್, ಅಷ್ಟು ವೇಗ; ಮೀಟರ್ ಮಾಡಿರುವುದು 50 ಹರ್ಟ್ಸ್‌ನ ಮನೆ ಕರೆಂಟಿಗೆ. ಹಾಗಾಗಿ ಅದು ತೋರಿಸುವ ಅಂಕಿ ಪಕ್ಕಾ ಅಲ್ಲ, ಆದರೆ ಎರಡು ಜಾಗಗಳ ನಡುವಿನ ವ್ಯತ್ಯಾಸ ತಿಳಿಯಲು ಸಾಕು.

ಘಾಟ್‌ಬ್ಯಾಂಕರ್:
ಒಂದೇ ಕಡೆ, ಪೆಟ್ಟಿಗೆಯ ಹತ್ತಿರ. ಕಾಲಿಂಗ್ ಬೆಲ್‌ಗೆ ಹಾಕುವ ಸಣ್ಣ ತಂತಿ. ಪೆಟ್ಟಿಗೆಯ ಬಳಿ 14 ವೋಲ್ಟ್ ತೋರಿಸಿತು, ಆ ತುದಿಯಲ್ಲಿ 9.

ಹಳೇಗೇಜ್:
ಸಿಕ್ಕಿತು. ಧ್ವನಿಯಿರುವ ಎರಡು ಎಂಜಿನ್ ಏರಿನಲ್ಲಿ ಒಟ್ಟು 0.8 ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ದಾರಿಯಲ್ಲಿ 5 ವೋಲ್ಟ್ ಕಳೆದುಹೋಗಿದೆ ಎಂದರೆ ಸುಮಾರು 6 ಓಮ್ ಅಡ್ಡ ಕುಳಿತಿದೆ. ಬೆಲ್ ತಂತಿಯದು ಅದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಸಡಿಲವಾದ, ಕಪ್ಪಗಾದ ರೈಲ್ ಜಾಯ್ನರ್‌ಗಳದು. ಈಗ ಆ ತುದಿಯಲ್ಲಿ ಒಂದು ಬೋಗಿ ಹಳಿ ತಪ್ಪಿ ಶಾರ್ಟ್ ಆಯಿತೆನ್ನಿ. 14 ವೋಲ್ಟ್‌ಗೆ 6 ಓಮ್, ಎಂದರೆ ಹರಿಯುವುದು 2.3 ಆಂಪಿಯರ್. ನಿಮ್ಮ 1 ಆಂಪಿಯರ್ ಪೆಟ್ಟಿಗೆ ತಕ್ಷಣ ಟ್ರಿಪ್ ಆಗುತ್ತದೆ. ಆ 5 ಆಂಪಿಯರ್ ಬೂಸ್ಟರ್‌ಗೆ ಶಾರ್ಟ್ ಆಗಿದೆಯೆಂದೇ ತಿಳಿಯುವುದಿಲ್ಲ. 30 ವಾಟ್‌ಗೂ ಹೆಚ್ಚು ಶಾಖ ಜಾಯ್ನರ್‌ಗಳಲ್ಲಿ, ಚಕ್ರಗಳಲ್ಲಿ ಸುಮ್ಮನೆ ಉರಿಯುತ್ತಿರುತ್ತದೆ; ಬೆಸುಗೆ ಹಾಕುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವಾಟ್‌ನದು. ಪ್ಲಾಸ್ಟಿಕ್ ಸ್ಲೀಪರ್ ಕರಗಿದ ಮೇಲೆಯೇ ಗೊತ್ತಾಗುವುದು.

ಆದ್ದರಿಂದ ಮೊದಲು ತಂತಿ. ಹಲಗೆಯ ಕೆಳಗೆ ಉದ್ದಕ್ಕೂ 2.5 ಚದರ ಮಿ.ಮೀ.ನ ಎರಡು ಮನೆ ವೈರಿಂಗ್ ತಂತಿ ಎಳೆಯಿರಿ, ಕೆಂಪು ಮತ್ತು ಕಪ್ಪು. ಪ್ರತಿ ಫ್ಲೆಕ್ಸ್ ಹಳಿಯ ತುಂಡಿಗೂ ಅದರಿಂದ ಒಂದು ಜೊತೆ ಸಣ್ಣ ತಂತಿ ಕೊಡಿ, ಹಳಿಯ ಹೊರಬದಿಗೆ ಬೆಸೆಯಿರಿ. ಜಾಯ್ನರ್‌ನ ಕೆಲಸ ಹಳಿಗಳನ್ನು ಸಾಲಾಗಿ ನಿಲ್ಲಿಸುವುದು ಮಾತ್ರ, ವಿದ್ಯುತ್ತಿಗೆ ಅದನ್ನು ನಂಬಬೇಡಿ. ಮುಗಿದ ಮೇಲೆ ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಲ್ಲಲ್ಲಿ ಇಟ್ಟು ನೋಡಿ. ಇಟ್ಟ ಕಡೆಯಲ್ಲೆಲ್ಲ ಪೆಟ್ಟಿಗೆ ಟ್ರಿಪ್ ಆಗಲೇಬೇಕು.

ಲೂಪ್‌ನ ಕಥೆ ಬೇರೆ. ಸುತ್ತಿ ಬಂದಾಗ ಎಡ ಹಳಿ ಬಲ ಹಳಿಗೆ ಎದುರಾಗುತ್ತದೆ. ನೀವು ಒಂದೇ ತುದಿಯನ್ನು ಬೇರ್ಪಡಿಸಿದ್ದೀರಿ, ಚಕ್ರ ಆ ಸಂದನ್ನು ದಾಟುವಾಗ ಶಾರ್ಟ್. ಇನ್ನೊಂದು ತುದಿಯಲ್ಲೂ ಎರಡೂ ಹಳಿ ಕತ್ತರಿಸಿ, ಲೂಪ್‌ಗೆ ಆಟೊ ರಿವರ್ಸರ್ (ಶಾರ್ಟ್ ಕಂಡೊಡನೆ ಹಳಿಗಳ ಧ್ರುವವನ್ನು ತಾನೇ ಬದಲಿಸುವ ಸಾಧನ) ಮೂಲಕ ವಿದ್ಯುತ್ ಕೊಡಿ. ಬೇರ್ಪಡಿಸಿದ ಭಾಗ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದವಿರಲಿ. ಆಂಪಿಯರ್ ಲೆಕ್ಕಕ್ಕೆ ಬರುವುದು ನಾಲ್ಕು ಎಂಜಿನ್ ಒಟ್ಟಿಗೆ ಏರು ಹತ್ತುವಾಗ, ಮತ್ತೆ ಇಲ್ಲಿ: ರಿವರ್ಸರ್ ಶಾರ್ಟನ್ನು ಗುರುತಿಸಿ ಧ್ರುವ ಬದಲಿಸುವ ಮೊದಲೇ 1 ಆಂಪಿಯರ್ ಪೆಟ್ಟಿಗೆ ಕೈಚೆಲ್ಲಬಹುದು. ಈ ಕಾರಣಗಳಿಗಾಗಿ ಬೇಕಾದರೆ ಪೆಟ್ಟಿಗೆ ಬದಲಿಸಿ. 3 ಆಂಪಿಯರ್ ಧಾರಾಳವಾಯಿತು.

ಎಸ್ಪಿರೋಡ್:
ಹಾಗಾದರೆ ನಾವೇ ಜೋಡಿಸಿಕೊಳ್ಳುವ ಡಿಸಿಸಿ-ಇಎಕ್ಸ್ ಏಕೆ ಬೇಡ? ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು, ಹಳಿಗೆ ವಿದ್ಯುತ್ ಕೊಡಲು ಅದರ ಮೇಲೆ ಕೂರಿಸುವ ಮೋಟಾರ್ ಶೀಲ್ಡ್ ಒಂದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಓಣಿಯಲ್ಲಿ ಎರಡೂ ಸಿಗುತ್ತವೆ. ತಂತ್ರಾಂಶ ಉಚಿತ. ವೈಫೈ ಬೋರ್ಡ್ ಸೇರಿಸಿದರೆ ಆಂಡ್ರಾಯ್ಡ್ ಫೋನಿನ ಎಂಜಿನ್ ಡ್ರೈವರ್ ಆ್ಯಪ್‌ನಿಂದ ಓಡಿಸಬಹುದು. ಹೊರದೇಶದ ಪೆಟ್ಟಿಗೆಗೆ ಸುಂಕ ಕಟ್ಟಿ ಕಾಯುವ ಗೋಜಿಲ್ಲ. ಒಂದು ಎಚ್ಚರಿಕೆ: ಶೀಲ್ಡ್‌ನ ಹಿಂಬದಿಯಲ್ಲಿರುವ ವಿನ್ ಕನೆಕ್ಟ್ ಎಂಬ ಜಾಡನ್ನು ಕತ್ತರಿಸಿಯೇ 14 ವೋಲ್ಟ್ ಕೊಡಿ, ಇಲ್ಲದಿದ್ದರೆ ಅದು ನೇರ ಮೆಗಾ ಬೋರ್ಡಿಗೆ ನುಗ್ಗುತ್ತದೆ.

ಹಳೇಗೇಜ್:
ಒಳ್ಳೆಯ ವ್ಯವಸ್ಥೆಯೇ, ತಕರಾರಿಲ್ಲ. ಆದರೆ ಆ ಶೀಲ್ಡ್‌ನಿಂದ ನೆಚ್ಚಬಹುದಾದದ್ದು ಸುಮಾರು 1.5 ಆಂಪಿಯರ್, ಧ್ವನಿಯಿರುವ ನಾಲ್ಕು ಎಂಜಿನ್ ಏರು ಹತ್ತುವಾಗ ಅದು ಅಂಚಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಮಾತು, ಫೋನಿನ ಗಾಜಿನ ಮೇಲೆ ಬೆರಳಾಡಿಸುವಾಗ ಕಣ್ಣು ಫೋನಿನಲ್ಲಿರುತ್ತದೆ, ಗಾಡಿಯ ಮೇಲಲ್ಲ. ನನಗೆ ತಿರುಗಿಸುವ ಗುಬುಟು ಬೇಕು. ವಯಸ್ಸಿನ ಹಟ ಎನ್ನಿ.

ಘಾಟ್‌ಬ್ಯಾಂಕರ್ ಅವರೇ, ಆಯ್ಕೆಯಲ್ಲಿ ನೋಡಬೇಕಾದದ್ದು ಇದು. ಹಳಿಯಲ್ಲಿ ಹರಿಯುವ ಸಂಕೇತಕ್ಕೆ ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎಯ ಮಾನದಂಡವಿದೆ. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಪದ್ಧತಿಯ ಮೇಲೆ 1990ರ ದಶಕದಲ್ಲಿ ಬಂದದ್ದು. ಯಾರದೇ ಡಿಕೋಡರ್ ಯಾರದೇ ಪೆಟ್ಟಿಗೆಯೊಂದಿಗೆ ಮಾತಾಡುತ್ತದೆ. ಗಾಡಿ ಓಡಿಸಲು ಕೈಯಲ್ಲಿ ಹಿಡಿಯುವ ಥ್ರಾಟಲ್‌ಗೆ ಆ ಭಾಗ್ಯವಿಲ್ಲ, ಪೆಟ್ಟಿಗೆಯೊಂದಿಗೆ ಅದು ಮಾತಾಡುವ ಜಾಲ ಕಂಪನಿಗೊಂದು. ಡಿಜಿಟ್ರ್ಯಾಕ್ಸ್‌ನದು ಲೊಕೊನೆಟ್, ಲೆನ್ಜ್‌ನದು ಎಕ್ಸ್‌ಪ್ರೆಸ್‌ನೆಟ್, ಎನ್‌ಸಿಇಯದು ಅದರದೇ ಕ್ಯಾಬ್ ಬಸ್. ಪೆಟ್ಟಿಗೆ ಕೊಂಡಂದೇ ಮುಂದಿನ ಥ್ರಾಟಲ್‌ಗಳನ್ನೂ ಅರ್ಧ ಕೊಂಡ ಹಾಗೆ. ಆದ್ದರಿಂದ ಮಗಳ ಕೈಗೆ ಏನು ಕೊಡುತ್ತೀರಿ ಎಂಬುದರಿಂದ ಶುರುಮಾಡಿ.

ಎನ್‌ಸಿಇ ಪವರ್ ಕ್ಯಾಬ್ ಕಲಿಯಲು ಬಲು ಸುಲಭ, ಪರದೆಯೇ ಮುಂದೇನೆಂದು ಕೇಳುತ್ತ ಹೋಗುತ್ತದೆ. ಆದರೆ ಕೈಯಲ್ಲಿರುವ ಆ ಥ್ರಾಟಲ್ಲೇ ಇಡೀ ವ್ಯವಸ್ಥೆಯ ತಲೆ. ತಂತಿ ಕಳಚಿದರೆ ಎಲ್ಲ ಗಾಡಿಗಳೂ ನಿಂತವು. ಅದರದು ಸುಮಾರು 2 ಆಂಪಿಯರ್. ಡಿಜಿಟ್ರ್ಯಾಕ್ಸ್ ಜೆಫಿರ್ ಎಕ್ಸ್‌ಪ್ರೆಸ್ 3 ಆಂಪಿಯರ್, ಗುಬುಟು ಪೆಟ್ಟಿಗೆಯಲ್ಲೇ ಇದೆ, ಯುಎಸ್‌ಬಿಯೂ ಇದೆ. ಕಂಪ್ಯೂಟರಿನಲ್ಲಿ ಜೆಎಂಆರ್‌ಐ ಎಂಬ ಮಾದರಿ ರೈಲಿನ ತಂತ್ರಾಂಶ ಹಾಕಿದರೆ ಮಗಳಿಗೆ ಫೋನ್ ಆಯಿತು, ನಿಮಗೆ ಗುಬುಟು. ರೋಕೋದ ಝಡ್21 ಫೋನ್ ಮತ್ತು ಟ್ಯಾಬ್ಲೆಟ್ ಒಗ್ಗಿದವರಿಗೆ. ನಿಮ್ಮ ವಿವರ ನೋಡಿದರೆ ನನ್ನ ಮತ ಜೆಫಿರ್‌ಗೆ.

ಡೆಟ್ರಾಯಿಟ್‌ಕನ್ನಡಿಗ:
ಇಲ್ಲಿಂದ ಯಾರಾದರೂ ತಂದುಕೊಡುವುದಾದರೆ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿ. 120 ಮಾತ್ರ ಇದ್ದರೆ ಊರಿನ ಪ್ಲಗ್ಗಿಗೆ ಹಾಕಿದ ಕ್ಷಣವೇ ಅದರ ಆಯುಸ್ಸು ಮುಗಿಯಿತು. ರೇಡಿಯೊ ಥ್ರಾಟಲ್ ಕೊಳ್ಳುವಾಗಲೂ ಜೋಪಾನ. ಅಮೆರಿಕದ ಕೆಲವು 916 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಭಾರತದಲ್ಲಿ ಅದಕ್ಕೆ ಪರವಾನಗಿಯಿಲ್ಲದೆ ಜಾಗವಿಲ್ಲ. ವೈಫೈ ಆದರೆ ಚಿಂತೆಯಿಲ್ಲ.

ಘಾಟ್‌ಬ್ಯಾಂಕರ್:
ತಡವಾಗಿ ಉತ್ತರಿಸುತ್ತಿದ್ದೇನೆ, ಹಲಗೆಯ ಕೆಳಗೇ ವಾಸವಾಗಿತ್ತು. ಹೊಸ ತಂತಿ ಬಂದಿದೆ, ತುದಿಯಲ್ಲಿ ಈಗ 13.6 ತೋರಿಸುತ್ತದೆ. ನಾಣ್ಯಕ್ಕೆ ಎಲ್ಲ ಕಡೆಯೂ ಟ್ರಿಪ್ ಆಗುತ್ತಿದೆ. ಸೇತುವೆಯ ಮೇಲೆ ಮಾತ್ರ ಆಗಲಿಲ್ಲ, ನೋಡಿದರೆ ಒಂದು ಬೆಸುಗೆ ಬಿಟ್ಟಿತ್ತು. ಧ್ವನಿ ಕಡಿಯುವುದು ನಿಂತಿದೆ. ಬೂಸ್ಟರ್ ಬೇಡವೆಂದು ಹೇಳಿಬಿಟ್ಟೆ. ಜೆಫಿರ್ ಮತ್ತು ರಿವರ್ಸರ್ ಬರುತ್ತಿವೆ, ಅಡಾಪ್ಟರ್ 100–240.

ಇನ್ನೆರಡು ಪ್ರಶ್ನೆ. ಬ್ಯಾಂಕರ್‌ಗಳು ಬೇರೆ ತಯಾರಕರವು, ಮುಂದಿನವುಗಳೊಂದಿಗೆ ಕನ್ಸಿಸ್ಟ್ ಮಾಡಿ ಒಂದೇ ಎಂಜಿನ್‌ನಂತೆ ಓಡಿಸಬಹುದೇ? ಡಿಕೋಡರ್ ಇಲ್ಲದ ಹಳೆಯ ಡಿಸಿ ಎಂಜಿನ್ ಒಂದಿದೆ, ಅದಕ್ಕೂ ಡಿಕೋಡರ್ ಹಾಕಬಹುದೇ?

ಹಳೇಗೇಜ್:
ಮಾಡಬಹುದು, ಆದರೆ ವೇಗ ಹೊಂದಿಸದೆ ಬೇಡ. ಹಿಂದಿನ ಎಂಜಿನ್ ತುಸು ಜೋರಾಗಿ ತಳ್ಳಿದರೂ ತಿರುವಿನಲ್ಲಿ ನಡುವಿನ ಖಾಲಿ ವ್ಯಾಗನ್‌ಗಳು ಹಳಿಯಿಂದ ಎದ್ದು ಹೊರಬೀಳುತ್ತವೆ. ನಾಲ್ಕನ್ನೂ ಒಂದೊಂದಾಗಿ ಬಿಡಿಸಿ ಓಡಿಸಿ, ಅತಿ ನಿಧಾನದ್ದನ್ನು ಅಳತೆಗೋಲಾಗಿಟ್ಟು ಉಳಿದವುಗಳ ಸಿವಿ (ಡಿಕೋಡರ್ ಸೆಟ್ಟಿಂಗ್) 2, 5, 6 ತಿದ್ದಿ; ಆರಂಭದ, ಗರಿಷ್ಠ ಮತ್ತು ನಡುವಿನ ವೇಗ ಅವುಗಳಲ್ಲಿದೆ. ವೇಗ ಎಷ್ಟು ನಿಧಾನವಾಗಿ ಏರಬೇಕು, ಇಳಿಯಬೇಕು ಎನ್ನುವ ಸಿವಿ 3 ಮತ್ತು 4 ಎಲ್ಲದಕ್ಕೂ ಸೊನ್ನೆ ಇಟ್ಟು ಶುರುಮಾಡಿ, ಇಲ್ಲದಿದ್ದರೆ ಒಂದು ಹೊರಟಾಗ ಇನ್ನೊಂದು ಇನ್ನೂ ಯೋಚಿಸುತ್ತಿರುತ್ತದೆ.

ಹಳೆಯ ಎಂಜಿನ್ ಬಿಚ್ಚಿ, ಹಳಿಯಿಂದ ಬರುವ ತಂತಿಗಳನ್ನು ಮೋಟಾರ್‌ನಿಂದ ಕಳಚಿ. ಮೀಟರ್‌ನ ಒಂದು ಮೊನೆಯನ್ನು ಮೋಟಾರ್ ಬ್ರಷ್‌ಗೆ, ಇನ್ನೊಂದನ್ನು ಚೌಕಟ್ಟಿಗೆ, ಆಮೇಲೆ ಚಕ್ರಗಳಿಗೆ ಹಿಡಿಯಿರಿ. ಎಲ್ಲಿಯಾದರೂ ಬೀಪ್ ಎಂದರೆ ಡಿಕೋಡರ್ ಹಾಕಬೇಡಿ, ಮೊದಲ ಸಲ ಹಳಿಗಿಟ್ಟಾಗಲೇ ಸುಡುತ್ತದೆ. ಬೀಪ್ ಬರದಿದ್ದರೆ ಮೋಟಾರ್‌ಗೆ ಅಡ್ಡಲಾಗಿರುವ ಸಣ್ಣ ಕೆಪಾಸಿಟರ್ ತೆಗೆದು, ಎಂಜಿನ್ ಅನ್ನು ಕೈಯಿಂದ ತಡೆಹಿಡಿದಾಗ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತದೆಂದು 12 ವೋಲ್ಟ್ ಡಿಸಿಯಲ್ಲಿ ಅಳೆದು ಇಲ್ಲಿ ಹಾಕಿ. ಡಿಕೋಡರ್ ಯಾವುದೆಂದು ಆಗ ಹೇಳುತ್ತೇನೆ.