ಗೇಮ್ ಆಡುವಾಗ ಮಾತ್ರ ಪಿಸಿ ಆಫ್ ಆಗುತ್ತದೆ – ಗ್ರಾಫಿಕ್ಸ್ ಕಾರ್ಡ್ ಹೋಗಿದೆಯಾ?

ಮಲ್ಪೆಯಿಂದ:

ನಮಸ್ಕಾರ. ಹದಿನೈದು ದಿನದಿಂದ ತಲೆ ಕೆಟ್ಟು ಹೋಗಿದೆ. ದೊಡ್ಡ ಗೇಮ್ ಹಾಕಿ ಹತ್ತು ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಪಿಸಿ ಪಟ್ಟಂತ ಆಫ್. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಮತ್ತೆ ಬಟನ್ ಒತ್ತಿದರೆ ಏನೂ ಆಗದ ಹಾಗೆ ಆನ್ ಆಗುತ್ತದೆ. ಬ್ರೌಸರ್, ಯೂಟ್ಯೂಬ್, ಕಾಲೇಜಿನ ಕೆಲಸ ಎಲ್ಲ ಇಡೀ ದಿನ ಮಾಡಿದರೂ ತೊಂದರೆ ಇಲ್ಲ. ವ್ಯಾಲರಂಟ್‌ನಂಥ ಹಗುರ ಗೇಮ್ ಆಡಿದರೂ ಆಫ್ ಆಗುವುದಿಲ್ಲ.

ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಪಿಸಿ ಒಳಗೆ ಕರೆಂಟ್ ಕೊಡುವ ಡಬ್ಬ). ಎರಡು ವರ್ಷ ಹಳೆಯದು. ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿ ಒಂದು ಗಂಟೆ ಗೇಮ್ ಓಡಿಸಿದರೂ ಆಫ್ ಆಗಲಿಲ್ಲ, ಆದರೂ ಕಾರ್ಡೇ ಹೋಗಿರಬೇಕು, ಬದಲಾಯಿಸಿ ಅಂದರು. ಅಷ್ಟು ದುಡ್ಡು ಈಗ ಇಲ್ಲ. ಮನೆ ಸಮುದ್ರಕ್ಕೆ ಹತ್ತಿರ, ಉಪ್ಪು ಗಾಳಿಗೆ ಹಾಳಾಯಿತಾ ಅಂತ ಭಯ.

ಮಣಿಪಾಲದಿಂದ:

ಡಿಡಿಯು ಸಾಫ್ಟ್‌ವೇರ್ ಹಾಕಿ ಹಳೆ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ ನೋಡಿ. ರ‍್ಯಾಮ್ ಬಿಚ್ಚಿ ಬಂಗಾರದ ಬಣ್ಣದ ಪಟ್ಟಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿಟ್ಟು ಮಲಗಿ.

ಮಲ್ಪೆಯಿಂದ:

ಎಲ್ಲ ಮಾಡಿದೆ ಅಣ್ಣ. ಮೆಮ್‌ಟೆಸ್ಟ್‌ನಲ್ಲಿ ಒಂದೂ ಎರರ್ ಇಲ್ಲ. ಹೊಸ ಡ್ರೈವರ್ ಹಾಕಿದ ಮೇಲೂ ನಿನ್ನೆ ರಾತ್ರಿ ಎಂಟಕ್ಕೆ ಮತ್ತೆ ಆಫ್. ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋದಲ್ಲಿ ಪ್ರೊಸೆಸರ್ 78 ಡಿಗ್ರಿ, ಕಾರ್ಡ್ 71. ವಿಂಡೋಸ್ ದಾಖಲೆ ಇಡುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ ಕರ್ನಲ್-ಪವರ್ 41 ಅಂತ ಬರುತ್ತದೆ, ಒಳಗೆ ಬಗ್‌ಚೆಕ್‌ಕೋಡ್ 0.

ಸುರತ್ಕಲ್‌ನಿಂದ:

ಸ್ವಲ್ಪ ನಿಲ್ಲಿ ಮಾರಾಯ್ರೇ, ಕಾರ್ಡ್ ತೆಗೆದುಕೊಳ್ಳಬೇಡಿ. ನನಗೂ ಹೋದ ಮಳೆಗಾಲದಲ್ಲಿ ಹೀಗೇ ಆಗಿತ್ತು.

ಪಿಸಿ ಬೀಳುವ ರೀತಿ ನೋಡಿದರೆ ಅರ್ಧ ಕಾರಣ ಸಿಗುತ್ತದೆ. ಗೇಮ್ ಒಂದೇ ಮುಚ್ಚಿ ಡೆಸ್ಕ್‌ಟಾಪ್ ಬಂದರೆ ಹೆಚ್ಚಾಗಿ ಡ್ರೈವರ್ ಅಥವಾ ಗೇಮ್ ಫೈಲ್. ನೀಲಿ ಸ್ಕ್ರೀನ್ ಬಂದರೆ ರ‍್ಯಾಮ್, ಡ್ರೈವರ್, ಡಿಸ್ಕ್ ಕಡೆ ನೋಡಬೇಕು. ಬಿಸಿ ಜಾಸ್ತಿ ಆದರೆ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಗೇಮ್ ತಡವರಿಸುತ್ತದೆ, ಆಮೇಲೂ ತಡೆಯಲಾಗದಿದ್ದರೆ ಮಾತ್ರ ಆಫ್ ಆಗುವುದು. ನಿಮ್ಮ 78, 71 ಎಲ್ಲ ದೊಡ್ಡ ಬಿಸಿಯೇ ಅಲ್ಲ. ಇನ್ನು 41 ಅಂದರೆ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಅಷ್ಟೇ, ಯಾಕೆ ಅಂತ ಅದು ಹೇಳುವುದಿಲ್ಲ. ಜೊತೆಗೆ ಸೊನ್ನೆ ಇದ್ದರೆ ಕಾರಣ ಬರೆದಿಡಲೂ ಸಮಯ ಸಿಗಲಿಲ್ಲ ಅಂತ ಅರ್ಥ. ಹಾಗಾಗಿ ನಾನು ಮೊದಲು ನೋಡುವುದು ಕರೆಂಟ್ ದಾರಿ.

ಮೂರು ವಿಷಯ ಹೇಳಿ. ಯುಪಿಎಸ್ ಉಂಟಾ, ಎಷ್ಟು ವಿಎ? ಆಫ್ ಆಗುವಾಗ ಮಾನಿಟರ್‌ನ ಚಿಕ್ಕ ಲೈಟ್ ಸಹ ಆರುತ್ತದಾ, ಅಥವಾ ಮಾನಿಟರ್ ಆನ್ ಇದ್ದು ನೋ ಸಿಗ್ನಲ್ ಅಂತ ಬರುತ್ತದಾ? ಹಗಲು ಹೊತ್ತು ಒಮ್ಮೆಯಾದರೂ ಹೀಗೆ ಆಗಿದೆಯಾ?

ಮಲ್ಪೆಯಿಂದ:

ಯುಪಿಎಸ್ 600 ವಿಎ. ಅಪ್ಪನ ಹಳೆ ಪಿಸಿಯದ್ದು, ಬ್ಯಾಟರಿ ಬದಲಾಯಿಸಿ ನಾಲ್ಕು ವರ್ಷ ಆಯಿತು. ಹಗಲು ಒಮ್ಮೆಯೂ ಆಗಿಲ್ಲ, ನೀವು ಕೇಳಿದ ಮೇಲೆಯೇ ಹೊಳೆದದ್ದು, ಎಲ್ಲ ಸಂಜೆ ಏಳರ ನಂತರವೇ. ಇವತ್ತು ಬೇಕೆಂದೇ ಮಾನಿಟರ್ ಲೈಟ್ ನೋಡುತ್ತಾ ಆಡಿದೆ. ಮೇಜಿನ ಕೆಳಗೆ ಟಕ್ ಅಂತ ಒಂದು ಶಬ್ದ, ಕೂಡಲೇ ಪಿಸಿ ಫ್ಯಾನ್ ನಿಂತಿತು, ಮಾನಿಟರ್ ಲೈಟೂ ಆರಿತು. ಮತ್ತೊಂದು, ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಅದೂ ಇದಕ್ಕೆ ಸಂಬಂಧ ಉಂಟಾ?

ಸುರತ್ಕಲ್‌ನಿಂದ:

ಮಾನಿಟರ್ ಲೈಟ್ ಆರಿತು ಅಂದ ಮೇಲೆ ಗ್ರಾಫಿಕ್ಸ್ ಕಾರ್ಡ್‌ನ ತಪ್ಪಲ್ಲ. ಕಾರ್ಡ್ ಸತ್ತರೂ ಮಾನಿಟರ್‌ಗೆ ಕರೆಂಟ್ ಇರುತ್ತದೆ ಅಲ್ವಾ. ಅಂಗಡಿಯಲ್ಲಿ ಯಾಕೆ ಆಗಲಿಲ್ಲ ಅಂತಲೂ ಗೊತ್ತಾಯಿತು. ಪಿಸಿ ಹೋಯಿತು, ಯುಪಿಎಸ್ ಮನೆಯಲ್ಲೇ ಇತ್ತು.

ಲೆಕ್ಕ ಹಾಕಿ. 600 ವಿಎ ಅಂದರೆ 600 ವ್ಯಾಟ್ ಅಲ್ಲ. ಇಂಥ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್, ಹಿಂದೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ನಿಮ್ಮ ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ, ಪ್ರೊಸೆಸರ್ 76ರ ತನಕ, ಬೋರ್ಡ್ ಫ್ಯಾನ್ ಡಿಸ್ಕ್ ಎಲ್ಲ ಸೇರಿ ಇನ್ನೊಂದು 40-50, ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ಹೋಗುವುದು ಬೇರೆ, ಮಾನಿಟರ್ ಬೇರೆ. ಅಂಚಿಗೆ ಬಂದು ನಿಂತಿದೆ. ಬ್ರೌಸರ್ ನೋಡುವಾಗ ಇದರ ಅರ್ಧವೂ ಬೇಡ. ಸಂಜೆ ಎಲ್ಲರ ಮನೆಯಲ್ಲೂ ಲೈಟ್, ಏಸಿ ಆನ್ ಆಗಿ ವೋಲ್ಟೇಜ್ ಇಳಿಯುತ್ತದೆ. ಯುಪಿಎಸ್ ಟಕ್ ಅಂತ ಬ್ಯಾಟರಿಗೆ ಹೋಗುತ್ತದೆ. ನಾಲ್ಕು ವರ್ಷದ ಬ್ಯಾಟರಿ ಅಷ್ಟು ಭಾರ ಎತ್ತುವುದಿಲ್ಲ.

ಪರೀಕ್ಷೆ ಸುಲಭ. ಎಲ್ಲ ಸೇವ್ ಮಾಡಿಕೊಳ್ಳಿ. ಸುಮ್ನೆ ಡೆಸ್ಕ್‌ಟಾಪ್ ಇರುವಾಗ ಗೋಡೆಯಲ್ಲಿ ಯುಪಿಎಸ್ ಸ್ವಿಚ್ ಆಫ್ ಮಾಡಿ ನೋಡಿ. ಆಮೇಲೆ ಗೇಮ್ ಆನ್ ಮಾಡಿ ಇನ್ನೊಮ್ಮೆ. ಮೂರನೆಯದು, ಯುಪಿಎಸ್ ಬಿಟ್ಟು ಪಿಸಿಯನ್ನು ನೇರ ಗೋಡೆ ಪ್ಲಗ್‌ಗೆ ಹಾಕಿ ಎರಡು ಸಂಜೆ ಆಡಿ. ಅದಕ್ಕೆ ಮೊದಲು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ, 100-240 ಅಂತ ಇದ್ದರೆ ವೋಲ್ಟೇಜ್ ಇಳಿದರೂ ಅದು ತಡೆಯುತ್ತದೆ. ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ನಿಂತಿರುತ್ತದೆ.

ಕೈ ಜುಮ್ ಅನ್ನುವುದು ಬೇರೆ ವಿಷಯ, ಆದರೆ ನನ್ನ ಪ್ರಕಾರ ಅದನ್ನೇ ಮೊದಲು ಸರಿ ಮಾಡಿಸಬೇಕು. ಅರ್ಥಿಂಗ್ ಎಲ್ಲೋ ತಪ್ಪಿದೆ. ಗೇಮ್ ನಿಂತರೆ ನಾಳೆ ಆಡಬಹುದು, ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ಅದನ್ನು ಮುಟ್ಟುವುದು ಬೇಡ. ಎಲೆಕ್ಟ್ರಿಷಿಯನ್ ಕರೆಸಿ, ನಾಳೆಯೇ.

ಮಲ್ಪೆಯಿಂದ (ನಾಲ್ಕು ದಿನದ ನಂತರ):

ಸಿಕ್ಕಿತು! ಡೆಸ್ಕ್‌ಟಾಪ್‌ನಲ್ಲಿ ಸ್ವಿಚ್ ಆಫ್ ಮಾಡಿದಾಗ ಯುಪಿಎಸ್ ಆರು ನಿಮಿಷ ನಿಂತಿತು. ಗೇಮ್ ಇರುವಾಗ ಒಂದು ಸೆಕೆಂಡೂ ಇಲ್ಲ. ನೇರ ಪ್ಲಗ್‌ಗೆ ಹಾಕಿ ಮೂರು ರಾತ್ರಿ ಆಡಿದೆ, ಒಮ್ಮೆಯೂ ಆಫ್ ಆಗಲಿಲ್ಲ.

ಭಾವ ಎಲೆಕ್ಟ್ರಿಷಿಯನ್, ಅವರೇ ಬಂದು ನೋಡಿದರು. ರಾತ್ರಿ ಎಂಟಕ್ಕೆ 178 ವೋಲ್ಟ್, ಪಕ್ಕದ ತೋಟದ ಪಂಪ್ ಸ್ಟಾರ್ಟ್ ಆದಾಗ ಒಂದು ಕ್ಷಣ ಇನ್ನೂ ಕೆಳಗೆ. ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿದರೆ ಮೂರನೇ ವೈರ್, ಅಂದರೆ ಅರ್ಥಿಂಗ್ ವೈರ್, ತುದಿಯಲ್ಲಿ ಹಸಿರು ಕಿಲುಬು ಕಟ್ಟಿ, ಸ್ಕ್ರೂನಿಂದ ಕಳಚಿ ಬದಿಯಲ್ಲಿ ಬಿದ್ದಿತ್ತು. ಬೋರ್ಡ್ ಬಿಸಾಡಿ ಹೊಸದು ಹಾಕಿದರು. ಈಗ ಕೈ ಜುಮ್ ಅನ್ನುವುದಿಲ್ಲ. ಅಮ್ಮನೂ ಧೈರ್ಯವಾಗಿ ಆ ಮೇಜು ಒರೆಸುತ್ತಾರೆ. ಅಣ್ಣ, ನಿಮ್ಮಿಂದ ಒಂದು ಕಾರ್ಡಿನ ದುಡ್ಡು ಉಳಿಯಿತು. ಯುಪಿಎಸ್ ಯಾವುದು ತೆಗೆದುಕೊಳ್ಳಲಿ?

ಸುರತ್ಕಲ್‌ನಿಂದ:

ತುಂಬ ಖುಷಿ ಆಯಿತು. 1100 ವಿಎ, 660 ವ್ಯಾಟ್‌ನದ್ದು ಸಾಕು. ಸಾಧ್ಯವಾದರೆ ಸೈನ್ ವೇವ್ (ಬ್ಯಾಟರಿಯಲ್ಲೂ ಗೋಡೆ ಕರೆಂಟಿನ ಹಾಗೇ ಕೊಡುವುದು) ಇರುವುದು ಕೇಳಿ, ಕೆಲವು ಎಸ್‌ಎಂಪಿಎಸ್‌ಗಳು ಸಾದಾ ಯುಪಿಎಸ್ ಬ್ಯಾಟರಿಗೆ ಬದಲಾಗುವಾಗ ಆಫ್ ಆಗುತ್ತವೆ. ತಂದ ದಿನವೇ ಗೇಮ್ ಆನ್ ಇಟ್ಟು ಗೋಡೆ ಸ್ವಿಚ್ ಆಫ್ ಮಾಡಿ ನೋಡಿ, ನಿಲ್ಲದಿದ್ದರೆ ಬದಲಾಯಿಸಿಕೊಳ್ಳಿ. ಅಲ್ಲಿಯ ತನಕ ನೇರ ಪ್ಲಗ್‌ನಲ್ಲೇ ಇರುತ್ತದಲ್ಲ, ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆದುಬಿಡಿ, ಇಂಟರ್ನೆಟ್ ಕೇಬಲ್ ಸಹ.